ಜೂನ್ ತಿಂಗಳ ಕೆಡ್ಡಸ

“ಅಯ್ಯೋ ಮಾರಾಯ್ತಿ, ಅಗೆಯಬೇಡ! ಪಿಕ್ಕಾಸು ಕೆಳಗಿಡು!”

ಅಲೆವೂರಿನ ನಮ್ಮ ಅಂಗಳದಲ್ಲಿ ಅತ್ತೆ ಕೂಗಿದ ರಭಸಕ್ಕೆ, ದಾಸವಾಳ ನೆಡಲು ಹೊರಟಿದ್ದ ಲಿಪ್ಸಾಳ ಕೈಯಿಂದ ಪಿಕ್ಕಾಸು ಜಾರಿಯೇ ಬಿತ್ತು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಒಡಿಶಾದ ಹುಡುಗಿ ಅವಳು, ಮಣಿಪಾಲದಲ್ಲಿ ನರ್ಸ್. ಅಂದು ಫೆಬ್ರವರಿಯ ಕೆಡ್ಡಸದ ಮೊದಲ ದಿನ. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ನಾವು ತುಳುವರು ನೆಲ ಅಗೆಯುವುದಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು? ನಕ್ಕುಬಿಟ್ಟರೆ ಅತ್ತೆಗೆ ಬೇಸರ. “ಭೂಮಿಗೆ ಈಗ... ನಮಗೆ ಹೆಂಗಸರಿಗೆ ಆಗುತ್ತದಲ್ಲ, ಹಾಗೆ...” ಎಂದು ನಾನು ತಡವರಿಸುವಷ್ಟರಲ್ಲಿ ಅವಳ ಕಣ್ಣು ಅಗಲವಾಯಿತು.

“ಆಂಟಿ, ಇದು ನಮ್ಮ ಊರಲ್ಲೂ ಉಂಟು! ಜೂನ್‌ನಲ್ಲಿ! ಮೂರು ದಿನ ಯಾರೂ ಅಗೆಯುವುದಿಲ್ಲ, ನಾವು ಹುಡುಗಿಯರು ಉಯ್ಯಾಲೆ ಆಡ್ತೇವೆ. ನಾಲ್ಕನೇ ದಿನ ಭೂಮಿಗೆ ಅರಸಿನ ಹಚ್ಚಿ ಸ್ನಾನ!”

ಎಲ್ಲಿಯ ಒಡಿಶಾ, ಎಲ್ಲಿಯ ಅಲೆವೂರು! ಅತ್ತೆಗೆ ತುಳುವಿನಲ್ಲಿ ಹೇಳಿದೆ. ಅವರು ಅವಳ ಕೈ ಹಿಡಿದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಉಯ್ಯಾಲೆ ಯಾವ ಮರಕ್ಕೆ ಕಟ್ಟುತ್ತೀರಿ ಎಂಬಲ್ಲಿಯವರೆಗೆ. ಕೊನೆಯ ದಿನ ತುಳಸಿಕಟ್ಟೆಯ ಎದುರು ಅತ್ತೆ ನೆಲಕ್ಕೆ ಎಣ್ಣೆ ಎರೆಯುವಾಗ, ಪಕ್ಕದಲ್ಲಿ ಲಿಪ್ಸಾ ಅರೆದ ಅರಸಿನ ಹಿಡಿದು ಕೂತಿದ್ದಳು.

ಜೂನ್ ಬಂತು. ಗಿಡ ನೆಡುವ ಗಡಿಬಿಡಿಯಲ್ಲಿ ನೋಡಿದರೆ ಪಿಕ್ಕಾಸೇ ಇಲ್ಲ. ಅತ್ತೆ ಅದನ್ನು ಒಳಗೆ ಇಟ್ಟಿದ್ದರು. “ಮೂರು ದಿನ ಎಂತ ಅಗೆಯುವುದೂ ಬೇಡ. ಲಿಪ್ಸಾಳ ಊರಲ್ಲಿ ಈಗ ಕೆಡ್ಡಸ ಅಲ್ವಾ?”