ಅಂಗಾಲಿನ ನೀಲಿ ಗುಳ್ಳೆಯೂ ನಮ್ಮ ಮೇಡಂ ಅವರೂ

ಚರ್ಮರೋಗ ವಿಭಾಗವೆಂದರೆ ತುರಿಕೆಗೆ ಮುಲಾಮು ಬರೆದುಕೊಡುವ ಕೋಣೆ ಎಂದು ಇಡೀ ಆಸ್ಪತ್ರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅದನ್ನು ವಹಿಸಿಕೊಂಡು, ಚರ್ಮ ನೋಡಿಯೇ ಕರುಳಿನ ಸುದ್ದಿ ಹೇಳಬಲ್ಲವರೆಂದು ಹೆಸರಾಗಿ, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ ಈ ಶಿಷ್ಯನ ಪಾಲಿಗೆ ಬಂದಿದೆ. ಅವರನ್ನು ಹೊಗಳಬೇಕಾದರೆ ತನ್ನ ಮಾನವನ್ನು ತಾನೇ ಹರಾಜು ಹಾಕಿಕೊಳ್ಳದೆ ಶಿಷ್ಯನಿಗೆ ಬೇರೆ ದಾರಿಯಿಲ್ಲ.

ಈ ಶಿಷ್ಯ ಆಗಷ್ಟೇ ಮಕ್ಕಳ ವಾರ್ಡಿಗೆ ವೈದ್ಯನಾಗಿ ಸೇರಿದ್ದ. ವಿದ್ಯೆಗಿಂತ ಗರ್ವವೇ ಒಂದು ಹಿಡಿ ಹೆಚ್ಚು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಸುಣ್ಣದಂತೆ ಬಿಳಿಚಿಕೊಂಡು ಮೂರನೆಯ ಸಲ ರಕ್ತ ಹಾಕಿಸಿಕೊಳ್ಳಲು ಬಂದಳು. ಹಾಕಿದ ರಕ್ತ ತಿಂಗಳೊಳಗೆ ಎಲ್ಲಿ ಸೋರಿಹೋಗುತ್ತಿದೆಯೋ ಯಾರಿಗೂ ತಿಳಿಯದು. ಹೀಗೇ ಹೋದರೆ ಮಗು ಉಳಿಯುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು. ತಾಯಿ ಸಿಕ್ಕಸಿಕ್ಕವರಿಗೆಲ್ಲ ಮಗಳ ಅಂಗಾಲಿನ ನೀಲಿ ಗುಳ್ಳೆಗಳ ಮಾತೆತ್ತುತ್ತಿದ್ದರು. ಶಿಷ್ಯ ಕೇಸ್ ಶೀಟಿನಲ್ಲಿ ‘ತಾಯಿಯದು ಗಾಬರಿ ಸ್ವಭಾವ’ ಎಂದು ಬರೆದು ಕೈತೊಳೆದುಕೊಂಡ.

ಬೇರೊಂದು ಮಗುವನ್ನು ನೋಡಲು ವಾರ್ಡಿಗೆ ಬಂದ ಮೇಡಂ ಅವರನ್ನೂ ಆ ತಾಯಿ ತಡೆದರು. ಮೇಡಂ ಶೀಟು ತರಿಸಿ ಆ ಸಾಲನ್ನು ಓದಿದರು. ಗದರಲಿಲ್ಲ. ಒಂದು ಸ್ಟೂಲ್ ಎಳೆದು ಶಿಷ್ಯನನ್ನು ಕೂರಿಸಿದರು.

“ನಿಧಾನವಾಗಿ ಹೇಳಿ ಅಮ್ಮ. ನೀವು ಹೇಳಿದ ಹಾಗೇ ಇವರು ಬರ್ಕೋತಾರೆ.”

“ಹುಟ್ಟಿದಾಗ ಒಂದೇ ಇತ್ತು ಮೇಡಂ, ಈಗ ಹನ್ನೊಂದಾಗಿದೆ. ಒತ್ತಿದ್ರೆ ಚಪ್ಪಟೆ ಆಗುತ್ತೆ, ಬಿಟ್ರೆ ಮತ್ತೆ ತುಂಬ್ಕೊಳ್ಳುತ್ತೆ. ಹೊರಗೇ ಇಷ್ಟಿದ್ರೆ ಹೊಟ್ಟೆ ಒಳಗೂ ಇರಲ್ವಾ ಅಂತ ಕೇಳ್ದೆ. ನಕ್ಬಿಟ್ರು.”

ನಕ್ಕವನು ಯಾರೆಂದು ಶಿಷ್ಯನಿಗೆ ಗೊತ್ತಿತ್ತು. ಮೇಡಂ ಹುಡುಗಿಯ ಕಾಲುಚೀಲ ಕಳಚಿ, ಒಂದು ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಅದು ಮೆಲ್ಲಗೆ ತುಂಬಿಕೊಳ್ಳುವವರೆಗೂ ಕದಲದೆ ನೋಡಿದರು. ರಕ್ತನಾಳಗಳು ರಬ್ಬರಿನಂತೆ ಉಬ್ಬಿ ಚರ್ಮದಲ್ಲೂ ಕರುಳಿನಲ್ಲೂ ನೀಲಿ ಗುಳ್ಳೆಗಳಾಗುವ ಕಾಯಿಲೆ ಅದು; ಬಹುತೇಕ ವೈದ್ಯರು ಜೀವಮಾನದಲ್ಲಿ ಒಮ್ಮೆಯೂ ಕಾಣದಂಥದ್ದು. ಕರುಳಿಗೆ ಕ್ಯಾಮೆರಾ ಇಳಿಸಿದಾಗ ಒಳಗೂ ಅದೇ ನೀಲಿ, ಸದ್ದಿಲ್ಲದೆ ಜಿನುಗುತ್ತಿದ್ದ ರಕ್ತ. ಆ ವಾರವೇ ಶಸ್ತ್ರಚಿಕಿತ್ಸಕರು ಇಪ್ಪತ್ತಾರು ಗುಳ್ಳೆಗಳನ್ನು ತೆಗೆದರು. ಪಕ್ಕದಲ್ಲಿ ನಿಂತು ಎಣಿಸಿದವನು ಶಿಷ್ಯನೇ. ಕೇಸ್ ಶೀಟಿನಲ್ಲಿ ರೋಗ ಪತ್ತೆ ಮಾಡಿದವರು ಎಂಬ ಜಾಗದಲ್ಲಿ ಮೇಡಂ ‘ತಾಯಿ’ ಎಂದು ಬರೆದು, ಕೆಳಗೆ ಸಹಿ ಹಾಕಿದರು.

ಕಾಯಿಲೆ ಪೂರ್ತಿ ಬಿಟ್ಟುಹೋಗುವಂಥದ್ದಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಆ ಹುಡುಗಿ ಈಗ ಮೆಟ್ಟಿಲುಗಳನ್ನು ಓಡುತ್ತಾ ಹತ್ತುತ್ತಾಳೆ. ಮೇಡಂ ನೂರ್ಕಾಲ ಬಾಳಲಿ, ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ವಾರ್ಡಿಗೆ ಬರುತ್ತಿರಲಿ ಎಂದು ಶಿಷ್ಯ ಬೇಡಿಕೊಳ್ಳುವುದರಲ್ಲಿ ಸ್ವಾರ್ಥವೂ ಇದೆ. ಇವತ್ತಿಗೂ ತಾಯಂದಿರ ಮಾತು ಮುಗಿಯುವ ಮೊದಲೇ ಅವನ ಪೆನ್ನು ಓಡಿಬಿಡುತ್ತದೆ. ಮೇಡಂ ಕೋಣೆಯಲ್ಲಿದ್ದರೆ ಮಾತ್ರ ಕಾಯುತ್ತದೆ.