ಚಾದರದ ಹಿಂದೆ ಎರಡು ಆಂಪ್ಲಿಫೈಯರ್

ಖಾರಘರದ ಅಕ್ಕನ ಮನೆಯಲ್ಲಿ ದುಬಾರಿ ಆಂಪ್ಲಿಫೈಯರ್ ಎರಡಿದ್ದವು. ಹೊಸದು ಪುಸ್ತಕದ ಕಪಾಟಿನಲ್ಲಿ ಹಿಡಿಯುತ್ತಿತ್ತು. ಹಳೆಯದಕ್ಕೆ ಕಿಟಕಿಯ ಪಕ್ಕ ಸ್ವಂತ ಮೇಜು ಬೇಕಿತ್ತು. ಅಕ್ಕ ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ದಿನಗಳಲ್ಲಿ ಅವಳ ಲ್ಯಾಪ್‌ಟಾಪ್ ಇಸ್ತ್ರಿ ಹಲಗೆಯ ಮೇಲೆ ಇರುತ್ತಿತ್ತು.

"ಆ ಜಾಗ ನನಗೆ ಬೇಕು ರೀ. ಎರಡರಲ್ಲೂ ಬರೋದು ಅದೇ ಹಾಡು ತಾನೆ?"

"ಹಾಡು ಅದೇ, ಧ್ವನಿ ಬೇರೆ," ಎಂದರು ಭಾವ. "ಹೊಸದ್ರಲ್ಲಿ ಮೃದಂಗ ಡಬ್ಬ ಬಡಿದ ಹಾಗಿರತ್ತೆ. ಕಣ್ಣು ಮುಚ್ಕೊಂಡು ಹೇಳ್ತೀನಿ, ಯಾವುದು ಯಾವುದು ಅಂತ."

"ಹೇಳಿದ್ರೆ ಹಳೇದು ಇರಲಿ. ತಪ್ಪಿದ್ರೆ ಮಾರಿ."

ಎಲ್ಲದಕ್ಕೂ ಲೆಕ್ಕ ಇಡುವವನೆಂದು ಪರೀಕ್ಷೆ ನಡೆಸಲು ಡೊಂಬಿವಲಿಯಿಂದ ನನ್ನನ್ನು ಕರೆಸಿದರು. ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ಹೋದೆ. ಹಗ್ಗಕ್ಕೆ ಚಾದರ ಇಳಿಬಿಟ್ಟು ಎರಡನ್ನೂ ಮರೆಮಾಡಿದೆ. ಫೋನಿನ ಆ್ಯಪ್‌ನಲ್ಲಿ ಅಳೆದು ಎರಡರ ಸದ್ದನ್ನೂ ಸಮ ಮಾಡಿದೆ; ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತದೆ ಎಂದು ಓದಿದ್ದೆ. ಪ್ರತಿ ಸಲ ಸ್ಪೀಕರಿನ ವೈರು ಬಿಚ್ಚಿ, ದಿಂಬಿನ ಮೇಲೆ ನಾಣ್ಯ ಚಿಮ್ಮಿ, ಯಾವುದು ಬಿತ್ತೋ ಅದಕ್ಕೆ ಜೋಡಿಸಿ, ಮೃದಂಗದ ಒಂದೇ ತನಿ ಆವರ್ತನ ಹಾಕುವುದು. ಪ್ರತಿ ಸಲ ಹಿಡಿದ ಹೊತ್ತನ್ನೂ ಬರೆದುಕೊಂಡೆ.

ಹತ್ತಕ್ಕೆ ಹತ್ತು ಸರಿ.

"ಆಯ್ತಪ್ಪ, ಇಸ್ತ್ರಿ ಹಲಗೆಯೇ ನನ್ನ ಆಫೀಸು," ಎಂದು ಅಕ್ಕ ಒಳಗೆ ಹೋದಳು. ಭಾವ ನನಗೆ ಮಿಸಳ್ ತರಿಸಿದರು.

ತಿನ್ನುತ್ತಾ ಬರೆದದ್ದನ್ನು ನೋಡಿದೆ. ಹಳೆಯದರ ಸರದಿ ಬಂದಾಗಲೆಲ್ಲ ಜೋಡಿಸಲು ಹೆಚ್ಚು ಹೊತ್ತು ಹಿಡಿದಿತ್ತು. ಅದರಲ್ಲಿ ವೈರನ್ನು ಸ್ಕ್ರೂ ಬಿಗಿದು ಕೂರಿಸಬೇಕು. ಹೊಸದರಲ್ಲಿ ಪಿನ್ ಒತ್ತಿದರೆ ಸಾಕು. ಸುಮ್ಮನಿರಬಹುದಿತ್ತು. ಮಿಸಳ್ ಚೆನ್ನಾಗಿತ್ತು.

"ಭಾವ, ನೀವು ಗುರುತಿಸಿದ್ದು ನಾನು ತಗೊಂಡ ಟೈಮನ್ನ ಅನ್ಸುತ್ತೆ."

"ಏನೋ ಹಾಗಂದ್ರೆ?"

ವಿವರಿಸಿದೆ. ಅವರೇನೂ ಬೇಕೆಂದು ಮೋಸ ಮಾಡಿರಲಿಲ್ಲ. ತಡವಾಗಿ ಬಂದ ಮೃದಂಗ ಅವರಿಗೆ ನಿಜಕ್ಕೂ ಚೆನ್ನಾಗಿ ಕೇಳಿಸಿತ್ತು.

"ಮತ್ತೆ ಮಾಡು. ನನಗೇನು ಭಯ?"

ಈ ಸಲ ಯಾವುದಕ್ಕೆ ಜೋಡಿಸಿದರೂ ಗಡಿಯಾರ ನೋಡಿ ಒಂದೇ ಸಮನಾದ ಹೊತ್ತು ಕಾದು ಹಾಕಿದೆ. ಐದು ಸರಿ. ಇನ್ನೊಮ್ಮೆ ಎಂದರು. ನಾಲ್ಕು.

"ಆ ನಾಣ್ಯವನ್ನೇ ಕೇಳಿದ್ರೂ ಇಷ್ಟು ಹೇಳ್ತಿತ್ತು," ಎಂದಳು ಅಕ್ಕ. ಭಾವ ಚಾದರ ಮಡಚಿ ಕೊಟ್ಟರು.

ಮುಂದಿನ ಭಾನುವಾರ ಮುಂಬ್ರಾದಿಂದ ಒಬ್ಬರು ಹಳೆಯದನ್ನು ಕೊಳ್ಳಲು ಬಂದರು. ಎತ್ತಲು ಕೈ ಬೇಕೆಂದು ನನ್ನನ್ನೂ ಕರೆಸಿದ್ದರು.

"ಸೌಂಡ್ ಕೈಸಾ ಹೈ, ಸರ್?"

ಹಿಂದೆ ಧ್ವನಿ ಹೇಗಿದೆ ಎಂದು ಕೇಳಿದ ನೆಂಟರಿಗೆ ಊಟದ ತನಕ ಏಳಲು ಆಗುತ್ತಿರಲಿಲ್ಲ. ಭಾವ, "ಆಪ್ ಹೀ ಸುನ್ ಲೀಜಿಯೇ," ನೀವೇ ಕೇಳಿ ಎಂದು ನೀರು ತರಲು ಒಳಗೆ ಹೋದರು.

ಬಂದವರು ಕಣ್ಣು ಮುಚ್ಚಿ ಕೇಳಿದರು. "ಕ್ಯಾ ಬಾತ್ ಹೈ! ಐಸಾ ಆವಾಜ್ ನಯೇ ಮೆ ಕಹಾಂ? ಬೇಚ್ ಕ್ಯೂಂ ರಹೇ ಹೋ?" ಇಂಥ ಧ್ವನಿ ಹೊಸದರಲ್ಲಿ ಎಲ್ಲಿ, ಯಾಕೆ ಮಾರುತ್ತಿದ್ದೀರಿ ಎಂದರು.

ಭಾವ ನೀರಿನ ಲೋಟ ಹಿಡಿದು ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ.

"ಜಗಹ್ ನಹೀ ಹೈ," ಜಾಗ ಇಲ್ಲ ಎಂದರು.

ಮೂವರೂ ಸೇರಿ ಅದನ್ನು ಎತ್ತಿದೆವು. ಲಿಫ್ಟಿನಲ್ಲಿ ಇಳಿಸಿಟ್ಟ ಮೇಲೂ ಭಾವ ಅದರ ಮೇಲಿಂದ ಕೈ ತೆಗೆಯಲಿಲ್ಲ.