ಫಿಲ್ಟರಿಗೆ ಹಾಕಿದ ಟೀಪುಡಿ

ಒಳ್ಳೆಯ ಟೀಗೆ ಏಲಕ್ಕಿ ಬೇಡ. ಏಲಕ್ಕಿ ಹಾಕುವವರು ಟೀ ಕುಡಿಯಲು ನಾಚುವವರು. ಶುಂಠಿ ಗಂಟಲು ಕೆಟ್ಟಾಗ ಮಾತ್ರ. ನೀರು ಮರಳಬೇಕು, ಪುಡಿ ಬೀಳಬೇಕು, ಹಾಲು ಹಾಕುವ ಮೊದಲೇ ಕುದಿದು ಕುದಿದು ಕಪ್ಪಾಗಬೇಕು. ಆಮೇಲೆ ಹಾಲು, ಮತ್ತೆ ಮೂರು ಸಲ ಉಕ್ಕು. ಕುಡಿದ ಮೇಲೆ ನಾಲಿಗೆಯಲ್ಲಿ ಒಗರು ಉಳಿಯದಿದ್ದರೆ ಅದು ಟೀ ಅಲ್ಲ. ಈ ವಿಷಯದಲ್ಲಿ ಚರ್ಚೆಗೆ ನಾನು ತಯಾರಿಲ್ಲ. ಕುದುರೆಮುಖದ ಕ್ವಾರ್ಟರ್ಸಿನಲ್ಲಿ, ಶಿಫ್ಟ್ ಮುಗಿಸಿ ಬರುವ ಅಪ್ಪನಿಗೆ ಹೈಸ್ಕೂಲಿನ ದಿನಗಳಿಂದ ಹೀಗೇ ಮಾಡಿಕೊಟ್ಟವಳು ನಾನು.

ತೊಂಬತ್ತರ ದಶಕದ ನಡುವೆ ಬಣಕಲ್ ಹತ್ತಿರದ ಒಂದು ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದೆ. ಅಲ್ಲೂ ಟೀಪುಡಿ ಇತ್ತು. ಅಡುಗೆಮನೆಯಲ್ಲಲ್ಲ, ಸ್ಟೋರಿನಲ್ಲಿ, ಗೊಬ್ಬರದ ಚೀಲಗಳ ಪಕ್ಕದ ತಗಡಿನ ಡಬ್ಬದಲ್ಲಿ. ತೋಟದ ಆಳುಗಳಿಗೆ ಹತ್ತು ಗಂಟೆಗೆ ಹಿತ್ತಲ ಒಲೆಯ ಮೇಲೆ ಬೆಲ್ಲ ಹಾಕಿ ಕಾಯಿಸುತ್ತಿದ್ದರು. ಟೀ ಅವರಿಗೆ, ಕಾಫಿ ನಮಗೆ. ಯಾರೂ ಇದನ್ನು ನಿಯಮವೆಂದು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ತಲೆನೋವು ತಡೆಯಲಾರದೆ ಒಂದು ಲೋಟ ಟೀ ಮಾಡಿಕೊಳ್ಳಲೇ ಎಂದು ಅತ್ತೆಯನ್ನು ಕೇಳಿದೆ.

"ಟೀಯಾ? ಯಾಕೆ, ಹುಷಾರಿಲ್ವಾ?" ಎಂದರು. ಆಮೇಲೆ, ಹಾಲಿನ ಪಾತ್ರೆಗೆ ವಾಸನೆ ಹಿಡಿಯುತ್ತದೆ ಎಂದರು. ಬೇಕೇ ಬೇಕಾದರೆ ಹಿತ್ತಲಲ್ಲಿ ಕಾಯುತ್ತದಲ್ಲ, ಅಲ್ಲಿಂದ ತಂದುಕೋ ಎಂದರು.

ಗಂಡನಿಗೆ ಹೇಳಿದೆ. "ಕಾಫಿ ಬೆಳೆಯೋ ಮನೇಲಿ ಟೀ ಕುಡೀತಾರೆ ಅಂದ್ರೆ ಜನ ನಗ್ತಾರೆ ಮಾರಾಯ್ತಿ" ಎಂದ. ಅವನೇ ಮೂಡಿಗೆರೆಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಅಲ್ಲಿ ಜನ ನಗುತ್ತಿರಲಿಲ್ಲವೇನೋ.

ಅತ್ತೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ಮರುದಿನ ಹತ್ತು ಗಂಟೆಗೆ ಲೋಟ ಹಿಡಿದು ಹಿತ್ತಲಿಗೆ ಹೋದೆ. ಕೆಲಸದ ಹೆಂಗಸರ ನಡುವೆ ಕಟ್ಟೆಯ ಮೇಲೆ ಕೂತು ಕುಡಿದೆ. ಅತ್ತೆಗೆ ಅವಮಾನವಾಗಲಿ ಎಂದೇ ಕೂತದ್ದು.

ಈ ಭಾಗವನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗ ಆ ಹೆಂಗಸರು ನನಗೆ ಜಾಗ ಮಾಡಿಕೊಡುತ್ತಾರೆ, ನಾವೆಲ್ಲ ಸೇರಿ ನಗುತ್ತೇವೆ. ಅದು ಸುಳ್ಳು. ನಾನು ಕೂತ ತಕ್ಷಣ ಅವರ ಮಾತು ನಿಂತಿತು. ಐದಾರು ದಿನ ಹಾಗೇ ನಡೆಯಿತು. ಕೊನೆಗೆ ಟೀ ಕಾಯಿಸುತ್ತಿದ್ದವಳು ನನ್ನ ಮುಖ ನೋಡದೆ ಹೇಳಿದಳು:

"ಅಮ್ಮ, ನಮ್ಗೆ ಕೂತ್ಕಣಕ್ಕೆ ಇರೋದೇ ಇಷ್ಟು ಹೊತ್ತು. ನೀವು ಬಂದ್ರೆ ಏನು ಮಾತಾಡದು? ಲೋಟ ಕೊಡಿ, ಬಾಗ್ಲಿಗೆ ತಂದ್ಕೊಡ್ತೀನಿ."

ಅವರು ಬೈಯುತ್ತಿದ್ದದ್ದು ನಮ್ಮ ಮನೆಯವರನ್ನೇ ಇರಬೇಕು. ಅದಕ್ಕೂ ನಾನು ಅಡ್ಡ ಬಂದಿದ್ದೆ. ಎದ್ದು ಬಂದೆ. ನನಗೆ ಅವಳ ಮೇಲೂ ಸಿಟ್ಟು ಬಂತು ಎನ್ನುವುದನ್ನು ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ಸುದ್ದಿ ಊರು ಸುತ್ತಿತ್ತು. ಒಂದು ಭಾನುವಾರ ಅತ್ತೆಯ ತಂಗಿ ಬಂದಾಗ, ನಿನ್ನ ಸೊಸೆ ಆಳುಗಳ ಜೊತೆ ಕೂರುತ್ತಾಳಂತೆ ಎಂದು ಕೇಳಿಯೇಬಿಟ್ಟರು. ಅತ್ತೆ ಎದ್ದರು. ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ನನಗೆಂದೇ ಒಂದು ಲೋಟ ಟೀ ತಂದರು.

"ತಗೋ. ನಿಂಗೆ ಸ್ಟ್ರಾಂಗ್ ಬೇಕಲ್ಲ, ಸ್ಟ್ರಾಂಗೇ ಮಾಡಿದೀನಿ."

ಒಂದು ಗುಟುಕು ಕುಡಿದೆ. ಕಹಿ, ಉಗುರುಬೆಚ್ಚಗೆ, ಜೊತೆಗೆ ಹಳೆಯ ಕಾಫಿಯ ವಾಸನೆ. ಒಳಗೆ ಹೋಗಿ ನೋಡಿದರೆ ಹಿತ್ತಾಳೆಯ ಕಾಫಿ ಫಿಲ್ಟರಿನ ತುಂಬ ಒದ್ದೆ ಟೀಪುಡಿ. ಕಾಫಿಪುಡಿಯಂತೆ ಅದನ್ನು ಒತ್ತಿ, ಮೇಲೆ ಬಿಸಿನೀರು ಹೊಯ್ದು, ತೊಟ್ಟಿಕ್ಕಲು ಬಿಟ್ಟಿದ್ದಾರೆ. ಐವತ್ತು ದಾಟಿದ ಆ ಹೆಂಗಸು ಜೀವಮಾನದಲ್ಲಿ ಒಮ್ಮೆಯೂ ಟೀ ಮಾಡಿರಲಿಲ್ಲ. ಗಟ್ಟಿ ಎಂದರೆ ಡಿಕಾಕ್ಷನ್ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಮನೆಯವರ ಕಾಫಿ ಇಳಿಸುವ ಫಿಲ್ಟರನ್ನು ಅವರು ಅದಕ್ಕೆ ಕೊಟ್ಟಿದ್ದರು. ಇದು ನನಗೆ ಅಲ್ಲೇ ಹೊಳೆಯಿತೋ, ವರ್ಷಗಳ ನಂತರ ಹೊಳೆದದ್ದನ್ನು ಅಲ್ಲಿಗೆ ಒಯ್ದು ಇಡುತ್ತಿದ್ದೇನೋ ತಿಳಿಯದು. ಹೊಳೆದಿದ್ದರೂ ಅದು ನನ್ನನ್ನು ತಡೆಯುತ್ತಿರಲಿಲ್ಲ. ಲೋಟವನ್ನು ಹೊರಗೆ ತಂದು, ತಂಗಿ ನೋಡುತ್ತಿದ್ದಂತೆ, ಅಂಗಳದ ತುಳಸಿಯ ಪಕ್ಕದ ಚರಂಡಿಗೆ ಸುರಿದೆ.

ತಂಗಿ ಹೋದ ಮೇಲೆ ಅತ್ತೆ ಫಿಲ್ಟರನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದರು, ಒರೆಸಿದರು, ನನ್ನ ಮುಂದಿಟ್ಟರು.

"ನಾಳೆಯಿಂದ ಒಲೆ ನಿಂದು. ನಿಂಗೇನು ಬೇಕೋ ಕಾಯಿಸ್ಕೋ. ನಮ್ ಕಾಫಿನೂ ನೀನೇ ಕಾಯಿಸು."

ನಾನು ಬಯಸಿದ್ದ ಒಲೆ ಹೀಗೆ ಕೈಗೆ ಬಂತು. ಐದು ಗಂಟೆಗೆ ಎದ್ದು ಡಿಕಾಕ್ಷನ್ ಇಳಿಸಬೇಕು. ಗಂಡನಿಗೆ, ಅತ್ತೆಗೆ, ಬಂದುಹೋಗುವವರಿಗೆ, ಅವರವರ ಹೊತ್ತಿಗೆ. ಇಬ್ಬರಿಗೆ ತಿಂಡಿಯ ಮೊದಲು, ಒಬ್ಬರಿಗೆ ನಂತರವೂ. ನನ್ನ ಟೀ ಒಲೆಗೆ ಏರುವಾಗ ಆಳುಗಳದ್ದು ಕುಡಿದು ಮುಗಿದಿರುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಕೂತು ಕಾಫಿ ಹೀರಿ, ದಿನಕ್ಕೊಂದು ಕೊರತೆ ಹೇಳುತ್ತಿದ್ದರು. ಹಾಲು ಕಾದದ್ದು ಸಾಲದು. ಪುಡಿ ಒತ್ತಿದ್ದು ಹೆಚ್ಚು.

ಒಂದು ತಿಂಗಳು ಸಹಿಸಿದೆ. ಆಮೇಲೆ ಅವರ ಲೋಟಕ್ಕೆ ಎರಡನೇ ಡಿಕಾಕ್ಷನ್ ಹಾಕತೊಡಗಿದೆ. ಒಮ್ಮೆ ಇಳಿದ ಪುಡಿಗೇ ಮತ್ತೆ ನೀರು ಹೊಯ್ದು ಇಳಿಸಿದ್ದು. ಆ ಮನೆಯಲ್ಲಿ ಅದನ್ನು ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಮೀಟರ್ ನೋಡಲು ಬರುವವನು, ಇವರಿಗೆ ಕೊಡುತ್ತಿದ್ದದ್ದು. ಮೊದಲ ದಿನವೇ ಅತ್ತೆಗೆ ಗೊತ್ತಾಯಿತು. ಗುಟುಕು ಬಾಯಲ್ಲಿ ಒಂದು ಕ್ಷಣ ನಿಂತಿತು. ನಾನು ಬಾಗಿಲಲ್ಲೇ ನಿಂತು ಕಾದೆ. ಅವರು ನುಂಗಿದರು. ಅಂದಿನಿಂದ ಕೊರತೆ ಹೇಳುವುದನ್ನು ನಿಲ್ಲಿಸಿದರು.

ಎಷ್ಟು ದಿನ ಹಾಗೆ ಕೊಟ್ಟೆ ಎಂದು ಯಾರಾದರೂ ಕೇಳಿದರೆ ಕೆಲವು ದಿನ ಎನ್ನುತ್ತೇನೆ. ವರ್ಷವೇ ಆಗಿರಬಹುದು. ಒಂದು ಬೆಳಿಗ್ಗೆ ಅತ್ತೆ ಲೋಟ ಕೈಗೆ ತೆಗೆದುಕೊಳ್ಳುತ್ತ ಕೇಳಿದರು:

"ಇವತ್ತೂ ಎರಡನೇದೇನಾ?"

"ಹೌದು ಅತ್ತೆ."

"ಹಾಗಾದ್ರೆ ಸಕ್ಕರೆ ಇನ್ನೊಂಚೂರು ಹಾಕು."

ಹಾಕಿಕೊಟ್ಟೆ. ಸಕ್ಕರೆ ಮಾತ್ರ.